ಉಪ್ಪಿನ ಕೋಟೆಯ ಕೊನೆಯ ಅಂಕ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನೀವೂ ಕಂಡಿರುತ್ತೀರಿ. ಗಲ್ಫಿನ ಅಲ್ ಖೋಬರಿನಲ್ಲಿದ್ದ ನೋಣಯ ಅಂಥವರಿಗಿಂತ ಒಂದು ಕೈ ಮೇಲು. ಮೊಲಕ್ಕೆ ಮೂರೇ ಕಾಲೆಂದು ಸಾಧಿಸಿ, ನೀವು ಸುಸ್ತಾಗಿ ಹೌದಪ್ಪಾ ಎಂದು ಒಪ್ಪಿಕೊಂಡ ಮೇಲೆ, ಹಾಗಾದರೆ ನಾಲ್ಕನೆಯದನ್ನು ಎಲ್ಲಿಟ್ಟಿರಿ ಎಂದು ನಿಮ್ಮನ್ನೇ ಕೇಳುವ ಆಸಾಮಿ.

ಪಕ್ಕದ ದಹ್ರಾನಿನಲ್ಲಿ ಅವನದು ಟೆಕ್ನಿಷಿಯನ್ ಕೆಲಸ. ಪೈಪುಗಳ ಒತ್ತಡ ತೋರಿಸುವ ಮೀಟರುಗಳನ್ನು ಸರಿಯಾಗಿಡುವುದು. ಮೀಟರಿನ ಮುಳ್ಳು ಅವನ ಜೊತೆ ವಾದಕ್ಕೆ ನಿಲ್ಲುವುದಿಲ್ಲ; ಹಾಗಾಗಿ ದಿನದ ಚಪಲವನ್ನೆಲ್ಲ ಹಾಗೆಯೇ ಕಟ್ಟಿಕೊಂಡು ಸಂಜೆ ಮನೆಗೆ ಬರುತ್ತಿದ್ದ. ಹೆಂಡತಿ ವಿನೋದಾ ಜಾಣೆ. ಮದುವೆಯಾದ ಎರಡನೆಯ ವರ್ಷಕ್ಕೇ ವಾದ ಮಾಡುವುದನ್ನು ಬಿಟ್ಟು, ತನಗೆ ಬೇಕಾದ್ದನ್ನು ಮೊದಲು ಮಾಡಿ ಆಮೇಲೆ ತಿಳಿಸುವ ಪದ್ಧತಿ ಇಟ್ಟುಕೊಂಡಿದ್ದಳು. ಸಂಸಾರ ಚೆನ್ನಾಗಿಯೇ ನಡೆದಿತ್ತು.

ಇಂಥ ಬಾಯಿಗೆ ದೇವರು ಒಂದು ಕಲೆಯನ್ನೂ ಕೊಟ್ಟಿದ್ದ: ತಾಳಮದ್ದಳೆ. ಅಲ್ಲಿ ಯಕ್ಷಗಾನದ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಇಬ್ಬರು ಅರ್ಥಧಾರಿಗಳು ಎದುರುಬದುರು ಕುಳಿತು ಕಥೆಯ ಪಾತ್ರಗಳಾಗಿ ಆ ಗಳಿಗೆಗೆ ಹೊಳೆದ ಮಾತಿನಲ್ಲಿ ವಾದಿಸುತ್ತಾರೆ. ಬರೆದಿಟ್ಟದ್ದು ಏನೂ ಇಲ್ಲ. ಕಟ್ಟಳೆ ಒಂದೇ: ಕೊನೆಗೆ ಯಾರು ಸೋಲಬೇಕೆಂಬುದನ್ನು ಕಥೆ ಮೊದಲೇ ಹೇಳಿರುತ್ತದೆ. ಸೋಲುವ ಪಾತ್ರದವನು ಎಷ್ಟು ಬೇಕಾದರೂ ಹಾರಾಡಲಿ, ಕಡೆಗೆ ಕಥೆಗೆ ತಲೆಬಾಗಲೇಬೇಕು. ಭಾಗವತಿಕೆ ಮಾಡುತ್ತಿದ್ದ ಯೋಗೀಶನ ಫ್ಲ್ಯಾಟಿನಲ್ಲಿ ಶುಕ್ರವಾರಗಳಂದು ಬಾಗಿಲು ಹಾಕಿಕೊಂಡು, ಮದ್ದಳೆಯ ಮೇಲೆ ಟವೆಲು ಹೊದೆಸಿ ಸದ್ದು ತಗ್ಗಿಸಿ, ಕರಾವಳಿಯ ನಮ್ಮವರು ಇದನ್ನು ನಡೆಸಿಕೊಂಡು ಬಂದಿದ್ದರು.

ಅಲ್ಲಿ ನೋಣಯನಿಗೆ ಸರಿಸಾಟಿ ಎಂದರೆ ಒಬ್ಬನೇ, ಅಬ್ದುಲ್ಲ ಕುಂಞಿ. ವಿಟ್ಲದ ಕಡೆಯವನು, ಖೋಬರಿನಲ್ಲಿ ಗಾಡಿಗಳ ಬಿಡಿಭಾಗದ ಅಂಗಡಿ. ಮನೆಮಾತು ಕರಾವಳಿಯ ಮುಸ್ಲಿಮರಾಡುವ ಬ್ಯಾರಿ. ಚಿಕ್ಕಂದಿನಲ್ಲಿ ಗದ್ದೆಯ ಬದುವಿನಲ್ಲಿ ಕುಳಿತು ಯಕ್ಷಗಾನದ ಆಟ ನೋಡಿಯೇ ನೂರಾರು ಪದ್ಯ ಬಾಯಿಪಾಠ ಮಾಡಿಕೊಂಡವನು. ನೋಣಯ ಸಿಡಿಲಾದರೆ ಕುಂಞಿ ಜಿನುಗುವ ಮಳೆ. ಮೆಲ್ಲಗೆ ಮಾತಾಡುತ್ತಿದ್ದ, ನಡುವೆ ನಿಲ್ಲಿಸಿ ಒಂದು ಶಬ್ದಕ್ಕಾಗಿ ಹುಡುಕುತ್ತಿದ್ದ. ಸಿಕ್ಕಿದ ಶಬ್ದ ಮಾತ್ರ ಎದೆಗೆ ತಾಗುತ್ತಿತ್ತು. ಇಪ್ಪತ್ತೆರಡು ವರ್ಷ ನಡೆದ ಸ್ನೇಹ. ವಿನೋದಾಳಿಗೆ ಹೆರಿಗೆ ನೋವು ಬಂದಾಗ ನೋಣಯ ಡ್ಯೂಟಿಯಲ್ಲಿದ್ದ. ಆಸ್ಪತ್ರೆಗೆ ಮುಟ್ಟಿಸಿದವನು ಕುಂಞಿ. ಮಗಳು ಅನಿಷಾಳ ಮುಖವನ್ನು ಅಪ್ಪನಿಗಿಂತ ಮೊದಲು ನೋಡಿದವನೂ ಅವನೇ.

ನಾಲ್ಕು ವರ್ಷದ ಹಿಂದೆ ಒಂದು ಶುಕ್ರವಾರ ಎಲ್ಲ ಕೆಟ್ಟುಹೋಯಿತು. ನೋಣಯ ಗರ್ವದ ರಾಜ, ಕುಂಞಿ ಸಂಧಿಗೆ ಬಂದ ರಾಯಭಾರಿ. ಕಥೆಯ ಪ್ರಕಾರ ರಾಯಭಾರಿಯ ಮಾತೇ ಮೇಲಾಗಬೇಕು. ಕುಂಞಿ ಎಂದಿನಂತೆ ಒಂದು ಶಬ್ದಕ್ಕೆ ತಡವರಿಸಿದ. ನೋಣಯ ಸುಮ್ಮನಿರಬಹುದಿತ್ತು. ಆದರೆ ನಲವತ್ತು ಜನ ಕೇಳುತ್ತಿದ್ದರಲ್ಲ, ನಾಲಗೆ ತುರಿಸಿತು.

"ಹೊರಗಿನಿಂದ ಬಂದವನಿಗೆ ಒಳಮನೆಯ ಸುದ್ದಿ ಹೇಗೆ ಗೊತ್ತಿರಬೇಕು? ಜಗಲಿಯಲ್ಲಿ ಕುಳಿತು ಕೇಳಿಸಿಕೊಂಡಷ್ಟೇ ಅಲ್ಲವೇ ನಿನ್ನ ಪಾಂಡಿತ್ಯ!" ಎಂದುಬಿಟ್ಟ.

ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ, ಆ ಕಥೆಗಳನ್ನು ಹೊರಗೆ ಕುಳಿತು ಕೇಳಿ ಕಲಿತವನು ಆ ಕೋಣೆಯಲ್ಲಿ ಒಬ್ಬನೇ ಎಂಬುದು ಎಲ್ಲರಿಗೂ ಹೊಳೆಯಿತು. ಕುಂಞಿ ಶಾಲು ಮಡಚಿ ಚಾಪೆಯ ಮೇಲಿಟ್ಟು, ಚಪ್ಪಲಿ ಹಾಕಿಕೊಂಡು ಹೊರಟುಹೋದ. ಮತ್ತೆ ಬರಲಿಲ್ಲ.

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋಗಿ ತಪ್ಪಾಯ್ತು ಅಂತ ಹೇಳಿ ಬನ್ನಿ" ಎಂದಳು ವಿನೋದಾ.

"ನಾನೆಂತ ಹೇಳಿದ್ದೇನೆ? ಹೇಳಿದ್ದು ರಾಜ. ರಾಜನ ಮಾತಿಗೆ ನಾನು ತಪ್ಪು ಕೇಳ್ಬೇಕಾ?"

ಈ ಉತ್ತರವನ್ನು ನೋಣಯ ನಾಲ್ಕು ವರ್ಷ ಎಲ್ಲರಿಗೂ ಕೊಟ್ಟ. ಕೊಟ್ಟಾಗಲೆಲ್ಲ ಗೆದ್ದ. ಗೆದ್ದು ಮನೆಗೆ ಬಂದು, ಕುಂಞಿಯ ಅಂಗಡಿಯ ರಸ್ತೆ ತಪ್ಪಿಸಲು ಎರಡು ಸಿಗ್ನಲ್ ಸುತ್ತು ಹಾಕಿ ಬಂದದ್ದಕ್ಕೆ ಟ್ರಾಫಿಕ್ಕನ್ನು ಬೈಯುತ್ತಿದ್ದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ನೋಡಿ.

ಈ ಚಳಿಗಾಲದಲ್ಲಿ ಒಂದು ದಿನ ವಿನೋದಾ ನೀರುದೋಸೆ ಬಡಿಸುತ್ತಾ ಹೇಳಿದಳು: "ಕುಂಞಿಯವರು ಫೈನಲ್ ಎಕ್ಸಿಟ್ ಹೊಡೆಸ್ತಾರಂತೆ. ಇಲ್ಲಿರುವ ಇಕಾಮಾ ಪರ್ಮಿಟ್ಟೂ ಕ್ಯಾನ್ಸಲ್ ಮಾಡ್ಲಿಕ್ಕೆ ಕೊಟ್ಟಾಯ್ತಂತೆ. ಬರುವ ತಿಂಗಳು ಊರಿಗೆ. ಮತ್ತೆ ಬರ್ಲಿಕ್ಕಿಲ್ಲ."

ನೋಣಯ ದೋಸೆಯ ಕಡೆ ನೋಡಿದ. ಕುಂಞಿ ಹೀಗೇ ಹೊರಟುಹೋದರೆ ತನ್ನ ಉಳಿದ ಬಾಳೆಲ್ಲ ಆ ಎರಡು ಸಿಗ್ನಲ್ ಸುತ್ತುವುದೇ ಆಗುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಬಾಯಿಂದ ಬಂದದ್ದು, "ಉಪ್ಪು ಕಡಿಮೆ" ಎಂಬ ಮಾತು.

ಅನಿಷಾಳ ಸಿನೆಮಾ ನಡುವೆ ಬಂದದ್ದು ಆಗ. ಅವಳಿಗೆ ದಹ್ರಾನಿನ ಒಂದು ಕಲಾಕೇಂದ್ರದಲ್ಲಿ ಕೆಲಸ. ಅಲ್ಲಿ ಕಳೆದುಹೋದ ಚಿತ್ರಗಳ ಹಬ್ಬ ಮಾಡುತ್ತಿದ್ದರು. ಒಂದು ಪ್ರತಿಯೂ ಉಳಿಯದೆ ನಾಶವಾದ ಹಳೆಯ ಮೂಕಿ ಚಿತ್ರಗಳನ್ನು, ಉಳಿದ ಚೂರುಪಾರುಗಳಿಂದ, ಒಂದೊಂದು ನಾಡಿನವರು ತಮ್ಮ ತಮ್ಮ ರೀತಿಯಲ್ಲಿ ಮತ್ತೆ ಆಡಿ ತೋರಿಸಬೇಕು. ಅನಿಷಾಳ ಪಾಲಿಗೆ ಬಂದದ್ದು ನೂರು ವರ್ಷದ ಹಿಂದಿನ ಒಂದು ಜರ್ಮನ್ ಚಿತ್ರ, 'ಉಪ್ಪಿನ ಕೋಟೆ'. ಆ ಕಾಲದಲ್ಲಿ ಜರ್ಮನಿಯ ಮಕ್ಕಳುಮರಿಯೆಲ್ಲ ಓದುತ್ತಿದ್ದ ಒಂದು ದಪ್ಪ ಸಾಹಸ ಕಾದಂಬರಿಯನ್ನು ಹಿಡಿದು ತೆಗೆದದ್ದು. ಈಗ ಉಳಿದಿರುವುದು ಹನ್ನೊಂದು ಫೋಟೋ, ಸೆನ್ಸಾರಿನವರು ಬರೆದಿಟ್ಟ ಅಕ್ಷರಪಟ್ಟಿಗಳ ದಾಖಲೆ, ಒಂದು ಪತ್ರಿಕೆಯ ತುಂಡು. ಮೂಕಿಯಲ್ಲಿ ನಡುನಡುವೆ ಮಾತುಗಳನ್ನು ಬರೆದು ತೋರಿಸುತ್ತಾರಲ್ಲ, ಅವೇ ಅಕ್ಷರಪಟ್ಟಿಗಳು.

"ಚಿತ್ರ ಇಲ್ಲದ ಆಟ ನಮ್ಮಲ್ಲಿ ಉಂಟು ಅಂತ ಹೇಳಿ ಬಂದೆ ಪಪ್ಪಾ. ಜಸ್ಟ್ ಕೂತು ಮಾತಾಡೋದು. ಯಹ್ಯಾ ಸರ್‌ಗೆ ಖುಷಿಯಾಯ್ತು. ಡೇಟೂ ಹಾಕಿ ಆಯ್ತು" ಎಂದಳು ಅನಿಷಾ. ಯಹ್ಯಾ ಎಂದರೆ ಕೇಂದ್ರದ ಮುಖ್ಯಸ್ಥ, ಆ ನಾಡಿನವನೇ.

ನೋಣಯ ಫೋಟೋಗಳನ್ನು ನೋಡಿದ. ಜರ್ಮನಿಯ ಯಾವುದೋ ಮರಳಿನ ಗುಂಡಿಯಲ್ಲಿ ಡೇರೆ ಹಾಕಿ, ಮುಖಕ್ಕೆ ಮಸಿ ಬಳಿದು ತೆಗೆದ ಅರಬಸ್ಥಾನ. ಮೃಗಾಲಯದಿಂದ ತಂದ ಐದು ಒಂಟೆಗಳು. ಅದರಲ್ಲಿ ಒಂದಕ್ಕೆ ಎರಡು ಡುಬ್ಬ; ಅರಬಸ್ಥಾನದ ಒಂಟೆಗಳಿಗೆ ಇರುವುದು ಒಂದೇ. ಅದನ್ನು ಕಂಡು ಯಹ್ಯಾ ಕಣ್ಣಲ್ಲಿ ನೀರು ಬರುವ ತನಕ ನಕ್ಕಿದ್ದನಂತೆ. ನಮ್ಮಜ್ಜ ಇದನ್ನು ನೋಡಿದ್ದರೆ ಪಶುವೈದ್ಯರನ್ನು ಕರೆಸುತ್ತಿದ್ದರು ಎಂದನಂತೆ. ಕಾದಂಬರಿ ಬರೆದವನೋ, ಮರಳುಗಾಡಿಗೆ ಕಾಲಿಟ್ಟವನೇ ಅಲ್ಲ.

"ಕಾಣದ ಊರಿನ ಮೇಲೆ ಆರುನೂರು ಪುಟ! ಇವನಲ್ವಾ ಅರ್ಥಧಾರಿ!" ಎಂದು ನೋಣಯನಿಗೆ ಆ ಲೇಖಕನ ಮೇಲೆ ಪ್ರೀತಿಯೇ ಹುಟ್ಟಿತು.

ಕಥೆ ಸರಳ. ಮರಳುಗಾಡಿನ ನಡುವೆ ಉಪ್ಪಿನ ಕೋಟೆ. ಅದರೊಳಗೆ ಸುತ್ತಮುತ್ತಲಿನ ಒಂದೇ ಸಿಹಿನೀರಿನ ಬಾವಿ. ಹೊರಗೆ ಒಂದು ತಂಡ ಬಾಯಾರಿ ಸಾಯುತ್ತಿದೆ. ಕೋಟೆಯ ಒಡೆಯ ಬಾಗಿಲು ತೆಗೆಯಲೊಲ್ಲ. ಒಬ್ಬ ಪ್ರವಾಸಿ ಒಬ್ಬನೇ ಒಳಗೆ ಬಂದು ಅವನನ್ನು ಒಪ್ಪಿಸಬೇಕು. ಕಾದಂಬರಿಯ ಕೊನೆಯಲ್ಲಿ ಪ್ರವಾಸಿ ಒಡೆಯನನ್ನು ಗುಂಡಿಟ್ಟು ಕೊಂದು ಬಾಗಿಲು ತೆರೆಯುತ್ತಾನೆ. "ಆದರೆ ಪಪ್ಪಾ, ಫಿಲ್ಮಿನಲ್ಲಿ..." ಎಂದು ಅನಿಷಾ ಬಾಯಿ ತೆರೆದಳು. ನೋಣಯ ಆಗಲೇ ಒಡೆಯನ ಪಾತ್ರ ತನಗೇ ಯಾಕೆ ಸೇರಬೇಕೆಂದು ಭಾಷಣ ಶುರುಮಾಡಿದ್ದ.

"ಪ್ರವಾಸಿ ಯಾರು?" ಎಂದು ಕಡೆಗೆ ಕೇಳಿದ.

"ಕುಂಞಿ ಅಂಕಲ್" ಎಂದಳು ಅನಿಷಾ. ವಿನೋದಾ ಒಳಗಿನಿಂದ, "ಕೇಳಿ ಆಯ್ತು, ಅವರು ಒಪ್ಪಿಯೂ ಆಯ್ತು" ಎಂದಳು. ಪದ್ಧತಿ ಗೊತ್ತಲ್ಲ. ಕುಂಞಿ ಅನಿಷಾಳಿಗೆ ಹೇಳಿದ್ದು ಇಷ್ಟೇ: "ನಿನಗೋಸ್ಕರ ಬರ್ತೇನೆ ಮಗಾ. ಸ್ಟೇಜಿನಲ್ಲಿ ಮಾತಾಡ್ತೇನೆ. ಕೆಳಗೆ ಅವನತ್ರ ಮಾತಾಡು ಅಂತ ಹೇಳ್ಬೇಡ."

ನೋಣಯ ಮುಖ ಗಂಟಿಕ್ಕಿದ. ಒಳಗೊಳಗೆ ಅವನಿಗೆ ಕುಣಿಯುವಷ್ಟು ಖುಷಿ. ಯಾಕೆಂದರೆ ತಕ್ಷಣ ಒಂದು ಉಪಾಯ ಹೊಳೆದಿತ್ತು. ಒಡೆಯನ ಪಾತ್ರ ಸೋಲುವ ಪಾತ್ರ. ಕಥೆಯೇ ಸೋಲು ಎಂದ ಮೇಲೆ ಸೋಲುವುದು ಧರ್ಮ. ಸಭೆಯ ಎದುರು, ಕುಂಞಿಯ ಎದುರು, ಸುಂದರವಾಗಿ ಸೋತುಬಿಟ್ಟರೆ ಅವನಿಗೆ ಅರ್ಥವಾಗುತ್ತದೆ. 'ತಪ್ಪಾಯ್ತು' ಎಂಬ ದರಿದ್ರ ಶಬ್ದವನ್ನು ಆಡುವ ಅಗತ್ಯವೇ ಇಲ್ಲ! ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಎರಡು ವಾರ ಬಾತ್‌ರೂಮಿನ ಕನ್ನಡಿಯ ಮುಂದೆ ಗುಂಡು ತಿಂದು ಸಾಯುವ ಮುಂಚಿನ ಮಾತುಗಳನ್ನು ಹದ ಮಾಡಿಕೊಂಡ. ಅಕ್ಷರಪಟ್ಟಿಗಳನ್ನು ಯೋಗೀಶ ಪದ್ಯಗಳಾಗಿ ಕಟ್ಟಿಕೊಂಡಿದ್ದ. ಕುಂಞಿ ಅಭ್ಯಾಸಕ್ಕೆ ಬರಲಿಲ್ಲ. ತಾಳಮದ್ದಳೆಗೆ ಅಭ್ಯಾಸ ಮಾಡುವವರು ಯಾರಿದ್ದಾರೆ?

ಶುಕ್ರವಾರ ಸಂಜೆ ಐದಕ್ಕೆ ಕೇಂದ್ರದ ಚಿಕ್ಕ ಸಭಾಂಗಣ ತುಂಬಿತ್ತು. ಒಂದು ಕಡೆ ಕರಾವಳಿಯವರು, ಇನ್ನೊಂದು ಕಡೆ ಆ ನಾಡಿನ ಅರಬರು, ಮುಂದಿನ ಸಾಲಿನಲ್ಲಿ ಚಿತ್ರದ ದಾಖಲೆ ಉಳಿಸಿದ ಪತ್ರಾಗಾರದಿಂದ ಬಂದ ಒಬ್ಬ ಜರ್ಮನ್ ಹೆಂಗಸು. ಕುಂಞಿ ಬಿಳಿ ಅಂಗಿ, ಬಿಳಿ ಲುಂಗಿಯಲ್ಲಿ ಬಂದ. ಕೂದಲು ಪೂರ್ತಿ ನೆರೆತಿತ್ತು. "ಹೇಗಿದ್ದೀರಿ ವಿನೋದಕ್ಕ?" ಎಂದು ಕೇಳಿದ. ನೋಣಯನ ಕಡೆ ತಲೆಯನ್ನಷ್ಟೇ ಆಡಿಸಿದ.

ಅನಿಷಾ ಮೈಕಿನ ಮುಂದೆ ನಿಂತು ಇಂಗ್ಲಿಷಿನಲ್ಲಿ ಎಲ್ಲರಿಗೂ ವಿವರಿಸಿದಳು. ನೋಣಯ ಶಾಲು ಸರಿಮಾಡಿಕೊಳ್ಳುತ್ತಾ ಅರ್ಧ ಕಿವಿಯಲ್ಲಿ ಕೇಳುತ್ತಿದ್ದ. ಕೊನೆಗೆ ಅವಳು ಹೇಳಿದ್ದು ಮಾತ್ರ ಪೂರ್ತಿ ಕೇಳಿಸಿತು. ದಾಖಲೆಯಲ್ಲಿ ಐದು ಅಂಕಗಳ ಪಟ್ಟಿಗಳಿವೆ, ಆರನೆಯ ಅಂಕದ ಹಾಳೆಯೇ ಕಳೆದುಹೋಗಿದೆ. ಚಿತ್ರದ ಕೊನೆ ಕಾದಂಬರಿಯಂತಿರಲಿಲ್ಲ, ಅದರಲ್ಲಿ ಯಾರೂ ಸಾಯುವುದಿಲ್ಲ ಎಂದು ಆ ಕಾಲದ ಪತ್ರಿಕೆ ದೂರಿದೆ. ಹಾಗಾದರೆ ಏನಾಯಿತು? ಯಾರು ಗೆದ್ದರು? ಇವತ್ತು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ.

ವೇದಿಕೆಯ ಬದಿಗೆ ಬಂದ ಮಗಳ ಕಡೆ ನೋಣಯ ಬಾಗಿದ. "ಇದನ್ನು ಯಾಕೆ ಮೊದಲೇ ಹೇಳ್ಲಿಲ್ಲ?" ಎಂದು ಪಿಸುಗುಟ್ಟಿದ.

"ಮೂರು ಸಲ ಹೇಳಿದೆ ಪಪ್ಪಾ. ನೀವು ಮಾತಾಡ್ತಾ ಇದ್ರಿ."

ಎರಡು ವಾರ ಹದ ಮಾಡಿದ ಸಾವು ಕೈಬಿಟ್ಟುಹೋಯಿತು. ಕಥೆಗೆ ಸೋಲೋಣವೆಂದರೆ ಕಥೆಯೇ ಇಲ್ಲ. ಈಗ ಸೋತರೆ ಅದು ನೋಣಯನ ಸ್ವಂತ ಸೋಲು. ಅಷ್ಟರಲ್ಲಿ ಯೋಗೀಶ ತಾಳ ಬಡಿದ.

"ಕೋಟೆಯ ಒಡೆಯನೇ" ಎಂದು ಕುಂಞಿ ಶುರುಮಾಡಿದ. ನಾಲ್ಕು ವರ್ಷದ ಮೇಲೆ ಅವನು ನೋಣಯನ ಮುಖ ನೋಡಿ ಆಡಿದ ಮೊದಲ ಮಾತು ಅದು.

ಆಮೇಲೆ ನೋಡಿ, ಹಳೆಯ ಎತ್ತಿಗೆ ನೊಗ ಇಟ್ಟ ಹಾಗೆ ಇಬ್ಬರಿಗೂ ಹದ ಸಿಕ್ಕಿತು. ಹಿಂದಿನ ಪರದೆಯ ಮೇಲೆ ಒಂದೊಂದೇ ಫೋಟೋ ಬರುತ್ತಿತ್ತು, ಯೋಗೀಶನ ಪದ್ಯ, ಅದರ ಮೇಲೆ ಇವರ ಮಾತು, ಬದಿಯಲ್ಲಿ ಅನಿಷಾಳ ಇಂಗ್ಲಿಷು. ನೀರು ದೇವರದು ಎಂದ ಪ್ರವಾಸಿ. "ದೇವರದಾದರೆ ಮಳೆಯಾಗಿ ಅಲ್ಲೇ ಸುರಿಸಲಿ, ಅಗೆದವನು ನನ್ನಜ್ಜ" ಎಂದ ಒಡೆಯ. ನೀರು ಅಗೆದವನದಲ್ಲ, ಬಾಯಾರಿದವನದು ಎಂದ ಪ್ರವಾಸಿ. "ಹಾಗಾದರೆ ಕುದುರೆ ನಡೆಯಲಾರದವನದು, ಹಾಸಿಗೆ ನಿದ್ದೆ ಬಂದವನದು!" ಎಂದ ಒಡೆಯ. ಸಭೆ ನಕ್ಕಿತು. ಅನುವಾದವಾದ ಮೇಲೆ ಆಚೆ ಕಡೆಯವರೂ ನಕ್ಕರು. ನೋಣಯನ ಮೈಯಲ್ಲಿ ರಕ್ತ ಬಿಸಿಯಾಯಿತು. ಗೆಲ್ಲುವುದು ಎಷ್ಟು ರುಚಿ!

ಐದನೆಯ ಅಂಕದ ಕೊನೆಯ ಪದ್ಯವೂ ಮುಗಿಯಿತು. ಕುಂಞಿ ಒಂದು ವಾಕ್ಯ ಆರಂಭಿಸಿ, ನಡುವೆ ನಿಂತ. ಶಬ್ದಕ್ಕಾಗಿ ಹುಡುಕುತ್ತಿದ್ದ.

ನೋಣಯನಿಗೆ ಆಗ ಒಂದು ಮಾತು ಹೊಳೆಯಿತು. ತಾನಾಗಿ ಬಂದು ನಾಲಗೆಯ ತುದಿಯಲ್ಲಿ ಕೂತಿತು: 'ಮರಳುಗಾಡನ್ನೇ ಕಾಣದವನು ಬರೆದ ನಾಯಕ ನೀನು, ಬಾಯಾರಿಕೆ ಎಂದರೇನೆಂದು ನಿನಗೆ ಹೇಗೆ ಗೊತ್ತು?' ಇಡೀ ಸಭೆ ಎದ್ದು ನಿಲ್ಲುವಂಥ ಮಾತು. ಬಾಯಿ ತೆರೆದೇಬಿಟ್ಟಿದ್ದ. ಎದುರಿಗೆ ಕುಂಞಿ ಅವನನ್ನೇ ನೋಡುತ್ತಿದ್ದ, ಬೀಳುವ ಪೆಟ್ಟು ಗೊತ್ತಿದ್ದವನ ಹಾಗೆ. ನೋಣಯ ಬಾಯಿ ಮುಚ್ಚಿದ. ಜೀವಮಾನದಲ್ಲಿ ಮೊದಲ ಸಲ ಒಂದು ಒಳ್ಳೆಯ ಮಾತನ್ನು ನುಂಗಿದ. ನುಂಗುವುದು ಅಭ್ಯಾಸವಿಲ್ಲದ್ದಕ್ಕೆ ಕೆಮ್ಮು ಬಂತು.

ಕುಂಞಿಗೆ ಶಬ್ದ ಸಿಕ್ಕಿತು. ಆದರೆ ಅದು ಮೊದಲು ಹುಡುಕುತ್ತಿದ್ದ ಶಬ್ದವಾಗಿರಲಿಲ್ಲ.

"ಒಡೆಯಾ, ನಾನು ಹೊರಗಿನವನೆಂದು ನೀನು ಒಮ್ಮೆ ಹೇಳಿದ್ದೆ" ಎಂದ ಮೆಲ್ಲಗೆ. "ಇರಬಹುದು. ಇಪ್ಪತ್ತೆರಡು ವರ್ಷ ನಿನ್ನ ಜಗಲಿಯಲ್ಲಿ ಕುಳಿತೆ. ನಿನ್ನ ಮನೆಯ ಅನ್ನ ಉಂಡೆ. ಹಾಗಿದ್ದೂ ಹೊರಗಿನವನಾದರೆ, ಒಳಗಿನವನಾಗಲು ಎಷ್ಟು ವರ್ಷ ಬೇಕು? ಲೆಕ್ಕ ಹೇಳು. ಕೂರುತ್ತಿದ್ದೆ."

ಅನಿಷಾ ಇಂಗ್ಲಿಷು ನಿಲ್ಲಿಸಿದಳು. ನೋಣಯ ಪದ್ಯ ಬಂದರೆ ಬಚಾವು ಎಂದು ಯೋಗೀಶನನ್ನು ನೋಡಿದ. ಯೋಗೀಶನ ಹಾಳೆ ಮುಗಿದಿತ್ತು. ಅವನು ತಾಳದ ದಾರವನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದ.

"ಎಲೈ ಪ್ರವಾಸಿಯೇ," ಎಂದು ನೋಣಯ ದೊಡ್ಡ ದನಿಯಲ್ಲಿ ಎತ್ತಿಕೊಂಡ, "ಅಂದು ಕೋಪದ ವಶನಾದ ಈ ಒಡೆಯನು..."

ಕುಂಞಿ ಕೈ ಎತ್ತಿ ತಡೆದ. "ಒಡೆಯನ ಮಾತು ಸಾಕು. ಅದನ್ನು ಬಹಳ ಕೇಳಿ ಆಯ್ತು."

ನೋಣಯ ಶಾಲನ್ನು ಹೆಗಲಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಬಾಯಿಂದ ಬಂದ ಸ್ವರ ಅವನದೇ ಎಂದು ಅವನಿಗೇ ಅನ್ನಿಸಲಿಲ್ಲ, ಅಷ್ಟು ಸಣ್ಣದು.

"ಕುಂಞಿ, ಅವತ್ತು ಹೇಳಿದ್ದು ನಾನೇ ಮಾರಾಯ. ರಾಜ ಅಲ್ಲ, ಗೀಜ ಅಲ್ಲ. ಚಪ್ಪಾಳೆ ಬೀಳ್ತದೆ ಅಂತ ಗೊತ್ತಿತ್ತು. ನಿನಗೆ ತಾಗ್ತದೆ ಅಂತಲೂ ಗೊತ್ತಿತ್ತು. ಆದ್ರೂ ಹೇಳಿದೆ. ತಪ್ಪಾಯ್ತು."

ಕುಂಞಿ ಕಣ್ಣೊರೆಸಿಕೊಂಡ. "ಇಷ್ಟು ಸಣ್ಣ ಮಾತಿಗೆ ನಾಲ್ಕು ವರ್ಷ ಬೇಕಾಯ್ತಾ ನಿನಗೆ?" ಎಂದ. ಆಮೇಲೆ ಪ್ರವಾಸಿಯ ಗತ್ತಿನಲ್ಲಿ ಬೆನ್ನು ನೆಟ್ಟಗೆ ಮಾಡಿ, "ಹಾಗಾದರೆ ಬಾಗಿಲು ತೆಗೆ. ಹೊರಗೆ ಒಂಟೆಗಳು ಕಾದಿವೆ. ಪಾಪ, ಒಂದರ ಎರಡು ಡುಬ್ಬಕ್ಕೂ ನೀರು ತುಂಬಬೇಕು" ಎಂದ.

ಕರಾವಳಿಯವರು ಅಳುತ್ತಾ ನಕ್ಕರು. ಯೋಗೀಶ ಮಂಗಳ ಹಾಡಿದ. ಜರ್ಮನ್ ಹೆಂಗಸು ಎದ್ದು ನಿಂತು ಕೈ ತಟ್ಟುತ್ತಿದ್ದಳು. ಚಿತ್ರದ ಕೊನೆ ನಿಜಕ್ಕೂ ಹೀಗೇ ಇತ್ತೇ ಎಂದು ಯಹ್ಯಾ ಕೇಳಿದ. ಇರಲಿಲ್ಲ ಎಂದು ಯಾರೂ ಸಾಧಿಸಲಾರರು ಎಂದಳು ಅನಿಷಾ. ಎಷ್ಟೆಂದರೂ ನೋಣಯನ ಮಗಳು.

ಕುಂಞಿಯ ವಿಮಾನಕ್ಕೆ ಒಂಬತ್ತು ದಿನ ಉಳಿದಿತ್ತು. ನೋಣಯ ಪ್ರತಿ ಸಂಜೆ ಡ್ಯೂಟಿ ಮುಗಿಸಿ ಸೀದಾ ಅವನ ರೂಮಿಗೆ ಹೋದ. ಪೆಟ್ಟಿಗೆ ಕಟ್ಟಲು ಸಹಾಯ ಮಾಡುತ್ತೇನೆಂದು ಹೇಳಿ, ಕುರ್ಚಿಯಲ್ಲಿ ಕುಳಿತು ಕಟ್ಟುವುದು ಹೇಗೆಂದು ಹೇಳಿದ. ಕೊನೆಯ ದಿನ ಒಂದೇ ಕಾರ್ಟನ್ ಉಳಿದಾಗ ಅವನಿಗೆ ತಡೆಯಲಾಗಲಿಲ್ಲ.

"ನೀನು ಹೋಗುವುದೇ ತಪ್ಪು" ಎಂದು ಶುರುಮಾಡಿದ. "ಒಂದನೇದು, ನಿನ್ನ ಮೊಣಕಾಲಿಗೆ ಈ ಒಣಹವೆ ಒಳ್ಳೇದು, ಊರಿನ ಮಳೆ ಆಗ್ಲಿಕ್ಕಿಲ್ಲ. ಎರಡನೇದು, ಊರಲ್ಲಿ ನಿನ್ನ ಹೆಂಡತಿ ಹವ್ವಮ್ಮನಿಗೆ ಇಷ್ಟು ವರ್ಷ ನೀನಿಲ್ಲದೆ ಮನೆ ನಡೆಸಿ ಅಭ್ಯಾಸ. ನೀನು ಹೋಗಿ ಅಡುಗೆಮನೆಯಲ್ಲಿ ಅಡ್ಡ ನಿಲ್ಲುವುದು ಎಂತಕ್ಕೆ? ಮೂರನೇದು, ಕೇಂದ್ರದವರು ಇನ್ನೊಂದು ಸಿನೆಮಾ ಕೊಡ್ತೇವೆ ಅಂತಾರೆ. ಅದರಲ್ಲಿ ಕೊನೆ ಮಾತ್ರ ಅಲ್ಲ, ಮೊದಲೂ ಕಳೆದುಹೋಗಿದೆಯಂತೆ. ನೀನಿಲ್ಲದೆ ನಾನು ಯಾರ ಹತ್ರ ಮಾತಾಡುವುದು? ಹೇಳು, ಉತ್ತರ ಉಂಟಾ?"

ಕುಂಞಿ ಹಗ್ಗ ಹಿಡಿದು ಎಲ್ಲವನ್ನೂ ತಾಳ್ಮೆಯಿಂದ ಕೇಳಿದ. "ಇಲ್ಲ ನೋಣಯ" ಎಂದ. "ನೀನು ಹೇಳಿದ್ದು ಒಂದೊಂದೂ ಸರಿ. ನನ್ನತ್ರ ಉತ್ತರ ಇಲ್ಲ."

ನೋಣಯ ಗೆದ್ದಿದ್ದ. ಕುಂಞಿ ಹಗ್ಗವನ್ನು ಕಾರ್ಟನ್ನಿಗೆ ಅಡ್ಡಕ್ಕೂ ಉದ್ದಕ್ಕೂ ಸುತ್ತಿ, ಎರಡು ತುದಿಗಳನ್ನು ಸೇರಿಸಿ, "ಇಲ್ಲಿ ಸ್ವಲ್ಪ ಒತ್ತಿ ಹಿಡಿ ಮಾರಾಯ" ಎಂದ. ನೋಣಯ ಎದ್ದು ಬಂದು ಗಂಟಿನ ಮೇಲೆ ಬೆರಳಿಟ್ಟ. ಕುಂಞಿ ಎಳೆದು ಬಿಗಿದ.